ಕಾಗದದಲ್ಲಿ ಮೊದಲಾದ ಹಿಂಸೆ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದಿಗಳು ಪಟ್ಟ ಪಾಡು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದದ್ದು ಒಬ್ಬ ಹುಡುಗಿಯ ದಿನಚರಿಯಿಂದ. ಆನ್ ಫ್ರಾಂಕ್ 1942ರ ಜೂನ್‌ನಲ್ಲಿ ಬರೆಯತೊಡಗಿದಳು. ಕೊನೆಯ ಬರಹ 1944ರ ಆಗಸ್ಟ್ 1ರದು. ಮೂರೇ ದಿನಕ್ಕೆ ಅವಳ ಬಂಧನವಾಯಿತು. ಬರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವಳು ಸತ್ತದ್ದು ಪುಸ್ತಕದ ಆಚೆಗಿನ ಸಂಗತಿ. ಅವಳ ಆಸೆ, ಮುನಿಸು, ಜಾಣತನಗಳಿಗೆ ಮನಸೋತು, ಕಣ್ಣೊರೆಸಿಕೊಂಡು ಪುಸ್ತಕ ಮುಚ್ಚುವುದೇ ಓದು ಎಂದಾಗಿಬಿಟ್ಟಿದೆ. ಈ ಓದಿನಲ್ಲಿ ಮರುಕಕ್ಕೆ ಕೊರತೆಯಿಲ್ಲ, ವಿಚಾರಣೆಗಿದೆ. 1942ರ ಜೂನ್ 20ರ ಪುಟವನ್ನೇ ನೋಡಿ. ಯೆಹೂದಿಗಳು ಸೈಕಲ್ ಒಪ್ಪಿಸಬೇಕು, ಟ್ರಾಮ್ ಹತ್ತುವಂತಿಲ್ಲ, ಮಧ್ಯಾಹ್ನ ಮೂರರಿಂದ ಐದರೊಳಗೆ ಮಾತ್ರ ಸಾಮಾನು ಕೊಳ್ಳಬೇಕು ಎಂದು ಅವಳು ಒಂದೊಂದಾಗಿ ಬರೆದಿಟ್ಟಿದ್ದಾಳೆ. ಇವುಗಳಲ್ಲಿ ಒಂದೊಂದೂ ಯಾರೋ ಗುಮಾಸ್ತ ಬರೆದ, ಯಾರೋ ಅಧಿಕಾರಿ ಸಹಿ ಮಾಡಿದ ಆದೇಶ. ನೆದರ್‌ಲ್ಯಾಂಡ್ಸ್‌ನ ಯೆಹೂದಿಗಳು ಹೆಸರು ನೋಂದಾಯಿಸಬೇಕೆಂಬ ಆಜ್ಞೆ ಹೊರಟದ್ದು 1941ರ ಜನವರಿಯಲ್ಲಿ. ಗಡೀಪಾರಿನ ರೈಲುಗಳು ಹೊರಟದ್ದು ಮರುವರ್ಷ. ಶಿಬಿರಕ್ಕಿಂತ ಮುಂಚೆ ರಿಜಿಸ್ಟರ್ ಇತ್ತು. ನಿಜಕಥನಗಳನ್ನು ಓದುವಾಗ ನಾವು ಹಿಡಿಯಬೇಕಾದ ಎಳೆ ಇದು.

ಈ ಎಳೆಯ ಒಂದು ತುದಿ ನಮ್ಮ ನಾಡಿನಲ್ಲೇ ಇದೆ. 1933ರ ಏಪ್ರಿಲ್ 7ರಂದು ಜರ್ಮನಿ ಯೆಹೂದಿ ಮೂಲದವರನ್ನು ಸರ್ಕಾರಿ ಕೆಲಸದಿಂದ ತೆಗೆಯುವ ಕಾಯಿದೆಯೊಂದನ್ನು ತಂದಿತು. ಅದೇ ತಿಂಗಳು ಗಟ್ಟಿಂಗೆನ್‌ನ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಕೆಲಸದಿಂದ ದೂರವಿಡಲಾದವರ ಪಟ್ಟಿಯಲ್ಲಿ ತಮ್ಮ ಹೆಸರನ್ನು ಪತ್ರಿಕೆಯಲ್ಲಿ ಕಂಡರು. 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರೂ ಕಾಯಿದೆ ಕೇಳಿದ್ದು ಅವರ ಅಜ್ಜ-ಅಜ್ಜಿಯರ ಕುಲವನ್ನು. ಸಿ.ವಿ. ರಾಮನ್ ಕರೆದ ಮೇಲೆ ಅವರು 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆರು ತಿಂಗಳಿದ್ದರು. ಅವರಿಗೆ ಕಾಯಂ ಹುದ್ದೆ ಕೊಡಿಸಲು ರಾಮನ್ ಪ್ರಯತ್ನಿಸಿದರು. ಆಗ ನಡೆದ ಸಭೆಯೊಂದನ್ನು ಬಾರ್ನ್ ಆತ್ಮಕಥೆಯಲ್ಲಿ ನೆನೆದಿದ್ದಾರೆ: ಇಂಗ್ಲೆಂಡಿನ ಪ್ರಾಧ್ಯಾಪಕರೊಬ್ಬರು ಎದ್ದುನಿಂತು, ಸ್ವದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬ ಧಾಟಿಯಲ್ಲಿ ಅವರೆದುರೇ ಮಾತಾಡಿದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಬಾರ್ನ್ ಅತ್ತುಬಿಟ್ಟರು. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು. 1954ರಲ್ಲಿ ನೊಬೆಲ್ ಬಂತು. ನಮ್ಮ ನಾಡಿನಲ್ಲಿ ಇನ್ನೊಂದು ಬಾಗಿಲು ಮಾತ್ರ ತೆರೆಯಿತು. ಬಾರ್ನ್ ಅವರ ಸೋದರಳಿಯ, 1933ರಲ್ಲೇ ಸರ್ಕಾರಿ ಕೆಲಸ ಕಳೆದುಕೊಂಡಿದ್ದ ವಾಸ್ತುಶಿಲ್ಪಿ ಆಟೋ ಕೋನಿಗ್ಸ್‌ಬರ್ಗರ್, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ಕೋಲಾರ ಚಿನ್ನದ ಗಣಿಸೀಮೆಯ ಕೋರಮಂಡಲ್, ಚಾಂಪಿಯನ್ ರೀಫ್‌ಗಳೂ ಸೇರಿದ್ದ ಅದೇ ಸಂಸ್ಥಾನ ಅದು. ಕಾಗದದಲ್ಲಿ ಮೊದಲಾದ ಹಿಂಸೆಗೆ ಉತ್ತರವೂ ಕಾಗದದಲ್ಲೇ ಇತ್ತು: ಒಂದು ನೇಮಕಾತಿ ಆದೇಶ ಸಿಕ್ಕರೆ ಬದುಕು, ಸಿಗದಿದ್ದರೆ ಮತ್ತೊಂದು ಊರು. ಮತ್ತೊಂದು ಊರೇ ಇಲ್ಲದವರ ಗತಿ ಏನಾಯಿತೆಂಬುದು ಲೋಕಕ್ಕೆ ಗೊತ್ತಿದೆ.

ಕೆಲಸ ಕಳೆದುಕೊಂಡ ಪ್ರಾಧ್ಯಾಪಕನೊಬ್ಬನ ಕಣ್ಣೀರನ್ನು 60 ಲಕ್ಷ ಜನರ ಕೊಲೆಯ ಪಕ್ಕದಲ್ಲಿಡುವುದು ಸರಿಯೇ ಎಂದು ಕೇಳಬಹುದು. ನೋವನ್ನು ತೂಗುವುದಾದರೆ ಸರಿಯಲ್ಲ. ಆದರೆ ಇಲ್ಲಿ ನೋಡುತ್ತಿರುವುದು ನೋವಿನ ತೂಕವನ್ನಲ್ಲ, ಹಿಂಸೆ ನಡೆದು ಬಂದ ಹಾದಿಯನ್ನು. ಆ ಹಾದಿಯ ಮೊದಲ ಮೆಟ್ಟಿಲಲ್ಲಿ ಕೊಲೆಗಾರರು ಮಾತ್ರ ನಿಂತಿರಲಿಲ್ಲ; ನಮಗೇಕೆ ಈ ಗೋಜು ಎಂದ ದೂರದ ಊರಿನ ಸಭ್ಯರೂ ನಿಂತಿದ್ದರು. ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು: ಆತ್ಮಕಥೆ ಒಬ್ಬರ ನೆನಪು. ಬಾರ್ನ್ ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಕೆಲವು ವರ್ಷಗಳ ಮೇಲೆ. ಎದುರು ಪಕ್ಷದವರ ಮಾತು ಅದರಲ್ಲಿಲ್ಲ. ಈ ಆಕ್ಷೇಪಕ್ಕೆ ಉತ್ತರ ನಿಜಕಥನಗಳ ಪರಂಪರೆಯಲ್ಲೇ ಇದೆ. ಯೆಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾದ ಘೆಟ್ಟೋದಲ್ಲಿ ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲಮ್ 1940ರಿಂದ ಗುಟ್ಟಾಗಿ ಒಂದು ಬಳಗ ಕಟ್ಟಿದರು. ಅವರು ದಿನಚರಿಗಳ ಜೊತೆಗೆ ರೇಷನ್ ಕಾರ್ಡು, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದವನ್ನೂ ಕೂಡಿಟ್ಟು, ತಗಡಿನ ಪೆಟ್ಟಿಗೆ ಮತ್ತು ಹಾಲಿನ ಕ್ಯಾನುಗಳಲ್ಲಿ ತುಂಬಿ ನೆಲದಲ್ಲಿ ಹೂತರು. 1946ರಲ್ಲೂ 1950ರಲ್ಲೂ ಅಗೆದಾಗ ಅವು ಸಿಕ್ಕವು. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನಿಂದ, ಎರಡನ್ನೂ ಕಾಗದಪತ್ರಗಳಿಂದ ಒರೆಹಚ್ಚಿ ನೋಡಬೇಕೆಂಬ ಶಿಸ್ತು ಸಾವಿನ ನಡುವೆಯೂ ಅವರಿಗಿತ್ತು. ನೆಮ್ಮದಿಯಾಗಿ ಕೂತು ಓದುವ ನಮಗೆ ಅದಿಲ್ಲದಿದ್ದರೆ ತಪ್ಪು ಕಥನಗಳದ್ದಲ್ಲ.

ನಮ್ಮ ನೆಲದ ಸಂಕಟಗಳೇ ಬೇಕಾದಷ್ಟಿರುವಾಗ ಯುರೋಪಿನದು ಯಾಕೆ ಎಂಬ ಮಾತು ಕೋಲಾರದ ಗಣಿಸೀಮೆಯಲ್ಲಿ ಏಳುವುದು ಸಹಜ. ದಲಿತ ಕಾರ್ಮಿಕರು ದುಡಿದು ಕಟ್ಟಿದ ಊರು ಇದು. ಜಾನ್ ಟೇಲರ್ ಕಂಪನಿಯ ಆಡಳಿತದಲ್ಲಿ ಕಾರ್ಮಿಕರ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ 1930ರಲ್ಲಿ ಅವರು ಮುಷ್ಕರ ಹೂಡಿದರು. ಗಣಿ ಕಂಪನಿಯನ್ನು ನಾಜಿ ಆಡಳಿತಕ್ಕೆ ಸಮ ಮಾಡಿದರೆ ಎರಡೂ ಕಡೆಯ ಸತ್ತವರಿಗೆ ಅವಮಾನ. ಆದರೆ ತನ್ನ ಗುರುತು ಯಾರ ಪುಸ್ತಕದಲ್ಲಿ, ಯಾವ ಕಾರಣಕ್ಕೆ ದಾಖಲಾಗುತ್ತದೆ ಎಂದು ಕೇಳುವ ಹಕ್ಕನ್ನು ಇಲ್ಲಿನ ಕಾರ್ಮಿಕ ಯಾವ ಶಿಬಿರದ ಕಥನವನ್ನೂ ಓದದೆ ಕೇಳಿದ್ದ. ಹೊರಗಿನ ಸಂಕಟವನ್ನು ಓದುವುದರಿಂದ ಒಳಗಿನದು ಮಸುಕಾಗುವುದಿಲ್ಲ. ನಮ್ಮಲ್ಲಿ ಎದ್ದ ಆ ಪ್ರಶ್ನೆ ಎಷ್ಟು ಮುಖ್ಯವಾಗಿತ್ತೆಂಬುದು ಗೊತ್ತಾಗುತ್ತದೆ.

ಆದ್ದರಿಂದ ಕೋರಮಂಡಲ್‌ನಲ್ಲಾಗಲಿ ಬಂಗಾರಪೇಟೆಯಲ್ಲಾಗಲಿ ತರಗತಿಯಲ್ಲಿ ಆ ದಿನಚರಿಯನ್ನು ಓದಿಸುವ ಮೇಷ್ಟ್ರು, ಆನ್ ಪಾಪ ಎನ್ನಿಸಿ ಪಾಠ ಮುಗಿಸಬಾರದು. ಪಟ್ಟಿ ಬರೆದವರು ಯಾರು, ಸಹಿ ಹಾಕಿದವರು ಯಾರು, ಜಾಗವಿದ್ದೂ ಇಲ್ಲವೆಂದವರು ಯಾರು ಎಂದು ಮಕ್ಕಳಿಂದ ಕೇಳಿಸಬೇಕು. ಆ ಕೊನೆಯ ಪ್ರಶ್ನೆಗೆ ಬೆಂಗಳೂರಿನ ಹೆಸರೂ ಉತ್ತರವಾಗಿ ಬರುತ್ತದೆಂದು ತಿಳಿದಾಗ, ಈ ಇತಿಹಾಸ ಅವರಿಗೆ ಪರದೇಶದ್ದಾಗಿ ಉಳಿಯುವುದಿಲ್ಲ.