ಖರ್ಜದ ತಂತಿ

ಹಾಡು ಯಾರದು ಎಂದು ಕೇಳಿದರೆ ನಾವು ಹಾಡಿದವರ ಹೆಸರು ಹೇಳುತ್ತೇವೆ. ತುಸು ತಿಳಿದವರು ಸಂಗೀತ ನಿರ್ದೇಶಕರ ಹೆಸರು ಸೇರಿಸುತ್ತಾರೆ, ಇನ್ನೂ ತಿಳಿದವರು ಬರೆದವರ ಹೆಸರನ್ನು. ಅಲ್ಲಿಗೆ ಪಟ್ಟಿ ಮುಗಿಯಿತು. ಆ ಕಾಲದ ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಅಷ್ಟೇ ಇರುತ್ತಿತ್ತು. ಆ ಹಾಡಿನ ಅಡಿಯಲ್ಲಿ ನಾಲ್ಕು ದಪ್ಪ ತಂತಿಗಳ ಗಿಟಾರು ಹಿಡಿದು ಕೂತವರು ಯಾರು ಎಂಬ ಪ್ರಶ್ನೆ ಯಾರಿಗೂ ಹೊಳೆಯುವುದಿಲ್ಲ. ಬೇಸ್ ಗಿಟಾರು ಅಂದರೆ ಅದೇನು ಎಂದು ನನ್ನ ಓರಗಿತ್ತಿ ಕೇಳಿದಳು. ತಂಬೂರಿಯ ಖರ್ಜದ ತಂತಿ ಇಲ್ಲವೆ, ಅದು ಎದ್ದು ನಡೆದಾಡಲು ಕಲಿತರೆ ಹೇಗೋ ಹಾಗೆ ಎಂದೆ. ಅವಳಿಗೆ ತಿಳಿಯಿತು. ನಿಮಗೂ ತಿಳಿದಿರಬೇಕು.

ಅಮೆರಿಕದ ಲಿಯೋ ಫೆಂಡರ್ ಎಂಬಾತ 1951ರಲ್ಲಿ ಈ ವಾದ್ಯವನ್ನು ಮಾರುಕಟ್ಟೆಗೆ ತಂದ. ಅದಕ್ಕೂ ಮೊದಲು ಈ ಕೆಲಸಕ್ಕೆ ಆಳೆತ್ತರದ ಪಿಟೀಲೊಂದನ್ನು ನಿಲ್ಲಿಸಿಕೊಂಡು ನುಡಿಸುತ್ತಿದ್ದರು. ಸಾದಾ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಒಂದು ಪೂರ್ತಿ ಸಪ್ತಕ ಕೆಳಗೆ ಇದರ ಶ್ರುತಿ. ಎಲ್ಲಕ್ಕೂ ಕೆಳಗಿನ ತಂತಿ ಒಂದು ಸೆಕೆಂಡಿಗೆ ಸುಮಾರು 41 ಸಲ ಮಾತ್ರ ಅದುರುತ್ತದೆ. ಅಷ್ಟು ತಗ್ಗಿನ ದನಿ ಸಣ್ಣ ಸ್ಪೀಕರಿನಿಂದ ಹೊರಗೆ ಬರುವುದಿಲ್ಲ. ಗೊಬ್ಬೂರಿನ ನಮ್ಮ ಮನೆಯ ಟೇಪ್‌ರೆಕಾರ್ಡರು ಬಹಳಷ್ಟನ್ನು ನುಂಗಿಬಿಡುತ್ತಿತ್ತು. ಹುಣ್ಣಿಮೆಗೆ ಗಾಣಗಾಪುರಕ್ಕೆ ಜನ ತುಂಬಿಕೊಂಡು ಹೋಗುವ ಟೆಂಪೋಗಳಲ್ಲಿ ಗುಡಾಣದಂಥ ಸ್ಪೀಕರುಗಳಿರುತ್ತಿದ್ದವು. ಅಂಥದೊಂದು ಊರ ಅಗಸಿಯ ಮುಂದೆ ನಿಂತಾಗ ನಾನು ನೂರು ಸಲ ಕೇಳಿದ ಹಾಡಿನೊಳಗಿಂದ ಇನ್ನೊಂದು ಹಾಡು ಎದ್ದು ಬಂತು. ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಈಗ ನಮ್ಮ ಮಕ್ಕಳು ಮೊಬೈಲಿನಲ್ಲಿ ಕೇಳುತ್ತಾರೆ. ಅದರ ಸ್ಪೀಕರು ನಮ್ಮ ಟೇಪಿನದಕ್ಕಿಂತಲೂ ಸಣ್ಣದು. ಒಂದು ಇಡೀ ಪೀಳಿಗೆ ಹಾಡಿನ ಅರ್ಧವನ್ನೇ ಕೇಳಿ ಬೆಳೆಯುತ್ತಿದೆಯೇನೋ.

ಟೆಂಪೋದಿಂದ ಬಂದ ಆ ಹಾಡು 'ನಗುವ ನಯನ'. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದ್ದು. ಮಣಿರತ್ನಂ ಅವರ ಮೊದಲ ಚಿತ್ರ ಕನ್ನಡದ್ದು ಎಂಬುದು ನಮಗೆಲ್ಲ ಹೆಮ್ಮೆಯ ಮಾತು. ಸಂಗೀತ ಇಳಯರಾಜ, ಸಾಹಿತ್ಯ ಆರ್. ಎನ್. ಜಯಗೋಪಾಲ್, ಹಾಡಿದವರು ಎಸ್. ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಇಯರ್‌ಫೋನು ಸಿಕ್ಕರೆ ಹಾಕಿಕೊಂಡು ಇದನ್ನು ಇನ್ನೊಮ್ಮೆ ಕೇಳಿ. ಈ ಸಲ ಹಾಡುವವರನ್ನು ಅವರ ಪಾಡಿಗೆ ಬಿಟ್ಟು ಕೆಳಗೆ ಇಳಿಯಿರಿ. ಬೇಸ್ ಅಲ್ಲಿ ಬರೀ ತಾಳ ಕುಟ್ಟುತ್ತ ಕೂತಿಲ್ಲ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದು ನಾಲ್ಕು ಹೆಜ್ಜೆ ಆಚೆ ಹೋಗಿ ಮುಂದಿನ ಸಾಲಿಗೆ ಸರಿಯಾಗಿ ಬಾಗಿಲಲ್ಲಿ ಬಂದು ನಿಂತಿರುತ್ತದೆ. ಮನೆಗೆ ಬಂದವರು ಕೇಳುವ ಮೊದಲೇ ನೀರಿನ ತಂಬಿಗೆ ತಂದಿಡುವ ಹೆಂಗಸರಿರುತ್ತಾರಲ್ಲ, ಹಾಗೆ.

ಹಾರ್ಮೋನಿಯಂ ಇದ್ದವರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಲಗೈಯಲ್ಲಿ ಮಧ್ಯ ಸಪ್ತಕದ ಸ ಒತ್ತಿ ಹಿಡಿಯಿರಿ. ಎಡಗೈಯಲ್ಲಿ ಮಂದ್ರದ ಸ ಒತ್ತಿದರೆ ಆ ಸ್ವರ ತನ್ನ ಮನೆಯಲ್ಲಿ ಕೂತಂತೆ ಕೇಳುತ್ತದೆ. ಈಗ ಮೇಲಿನದನ್ನು ಬಿಡದೆ ಕೆಳಗೆ ಮಂದ್ರದ ದ ಒತ್ತಿ. ಅದೇ ಸ, ಆದರೆ ಎಲ್ಲೋ ಒಂದು ಕಡೆ ಬೇಸರ ಹೊಕ್ಕಿತು. ಇನ್ನು ಮಂದ್ರದ ಮ ಒತ್ತಿದರೆ ಕಿಟಕಿ ತೆರೆದಂತಾಗುತ್ತದೆ. ಮೇಲೆ ಹಾಡುವವರು ಏನನ್ನೂ ಬದಲಿಸಿಲ್ಲ. ಅವರ ಸ್ವರ ನಗಬೇಕೋ ಅಳಬೇಕೋ ಎಂಬುದನ್ನು ಕೆಳಗಿನವರು ನಿರ್ಧರಿಸಿದರು. ಆ ಕೆಳಗಿನವರಿಗೆ ನಮ್ಮ ವಿಮರ್ಶೆಯಲ್ಲಿ ಒಂದು ಸಾಲೂ ಸಿಗದಿರುವುದು ನನಗೆ ವಿಚಿತ್ರವೆನಿಸುತ್ತದೆ.

ಆ ಕಾಲಕ್ಕೆ ಕನ್ನಡದ ಹಾಡುಗಳು ಹೆಚ್ಚಾಗಿ ಮದ್ರಾಸಿನಲ್ಲೇ ಮುದ್ರಣವಾಗುತ್ತಿದ್ದವು. ವಾದ್ಯಗಾರರು ಸಂಘದ ಸದಸ್ಯರು, ದಿನಕ್ಕಿಷ್ಟು ಎಂದು ಕಾಲ್‌ಶೀಟಿನ ಲೆಕ್ಕದಲ್ಲಿ ಕೂಲಿ. ಬೆಳಿಗ್ಗೆ ತೆಲುಗಿನ ಭಕ್ತಿಗೀತೆ, ಮಧ್ಯಾಹ್ನ ಕನ್ನಡದ ಯುಗಳಗೀತೆ, ಸಂಜೆ ತಮಿಳಿನ ಕ್ಲಬ್ ಹಾಡು ಬಂದರೂ ಬೇಡವೆನ್ನುವಂತಿಲ್ಲ. ಎದುರಿಗಿಟ್ಟ ಹಾಳೆ ಓದಿ ನುಡಿಸಬೇಕು. ಎಲ್ಲರೂ ಒಟ್ಟಿಗೆ ನುಡಿಸುವ ದಿನಗಳವು. ಮೂವತ್ತು ಜನರಲ್ಲಿ ಒಬ್ಬ ತಪ್ಪಿದರೆ ಮೂವತ್ತೂ ಜನ ಮತ್ತೆ ಮೊದಲಿನಿಂದ. ಮೂರೂವರೆ ನಿಮಿಷ ಎಚ್ಚರ ತಪ್ಪದಿರುವುದೇ ಒಂದು ವಿದ್ಯೆ. ಇಳಯರಾಜರ ಮೇಳದಲ್ಲಿ ಹತ್ತಾರು ವರ್ಷ ಬೇಸ್ ನುಡಿಸಿದವರು ಶಶಿಧರನ್. ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಅವರ ಬೆರಳನ್ನು ಮಾತ್ರ ದಿನವೂ ಕೇಳಿದ್ದೀರಿ.

ಇಲ್ಲೊಂದು ತಕರಾರು ಬರುತ್ತದೆ. ಇಳಯರಾಜ ಪ್ರತಿ ವಾದ್ಯದ ಪ್ರತಿ ಸ್ವರವನ್ನೂ ತಾವೇ ಬರೆದುಕೊಡುವವರು. ಹಾಗಾದರೆ ಬೇಸ್ ನುಡಿಸುವವರದೇನು ಹೆಚ್ಚುಗಾರಿಕೆ, ಬರೆದದ್ದನ್ನು ಓದಿದರಷ್ಟೇ ಅಲ್ಲವೆ ಎಂದು ಕೇಳಬಹುದು. ಕೇಳುವುದು ಸುಲಭ. ಒಂದೇ ಹಿಟ್ಟು, ಒಂದೇ ನೀರು, ಇಬ್ಬರು ರೊಟ್ಟಿ ಬಡಿದರೆ ಎರಡೂ ಒಂದೇ ಆಗುತ್ತವೆಯೆ? ಸ್ವರ ಯಾವುದೆಂದು ಹಾಳೆ ಹೇಳುತ್ತದೆ. ಅದನ್ನು ತಾಳದ ಪೆಟ್ಟಿಗೆ ಕೂದಲೆಳೆ ಮುಂದೆ ಇಡಬೇಕೋ ಹಿಂದೆ ಇಡಬೇಕೋ, ಎಷ್ಟು ಹೊತ್ತು ಅದುರಲು ಬಿಟ್ಟು ಎಲ್ಲಿ ಅಂಗೈಯಿಂದ ಮುಚ್ಚಬೇಕೋ, ಅದನ್ನು ಯಾವ ಹಾಳೆಯೂ ಹೇಳುವುದಿಲ್ಲ. ಹಾಡು ತೂಗುವುದು, ನೂಕುವುದು, ಎಳೆಯುವುದು ಎಲ್ಲ ಅದರಿಂದ.

ಬರೆದುಕೊಡುವ ಇಳಯರಾಜ ಕೂಡ ಮೊದಲು ಅದೇ ಬೆಂಚಿನ ಮೇಲೆ ಕೂತವರೇ. 1968ರಲ್ಲಿ ಮದ್ರಾಸಿಗೆ ಬಂದ ಅವರು ನಮ್ಮ ಜಿ. ಕೆ. ವೆಂಕಟೇಶ್ ಅವರ ಬಳಿ ಗಿಟಾರು ನುಡಿಸಿಕೊಂಡು, ಸಹಾಯಕರಾಗಿ, ಸುಮಾರು 200 ಚಿತ್ರಗಳಿಗೆ ದುಡಿದರು. ಹೆಚ್ಚಿನವು ಕನ್ನಡದವು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಚಿತ್ರಗಳಿಗೆ ಸಂಗೀತ ಕೊಟ್ಟವರು ಇದೇ ವೆಂಕಟೇಶ್. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ' ಬಂದ ಮೇಲೆ ಇಳಯರಾಜರಿಗೆ ಹೆಸರು ಬಂತು. ಹೆಸರಿಲ್ಲದ ಆ ಸುಮಾರು ಎಂಟು ವರ್ಷಗಳೇ ಅವರ ಸಂಗೀತದ ಅಡಿಪಾಯ ಎಂದು ನನ್ನ ಎಣಿಕೆ. ಹಿಂದೆ ಕೂತು ಕೇಳಿದವರಿಗೆ ಮಾತ್ರ ಹಿಂದಿನ ಬೆಂಚಿಗೆ ಅಷ್ಟು ಚೆಂದದ ಕೆಲಸ ಹಚ್ಚಲು ಬರುತ್ತದೆ.

ಮದ್ರಾಸಿನ ಆ ಬೇಸ್ ಬೆಂಚಿನಲ್ಲಿ ಹೆಂಗಸಿನ ಹೆಸರೊಂದು ನನಗೆ ಸಿಗಲಿಲ್ಲ. ಹಾಡುವ ಹೆಂಗಸು ಬೇಕು, ವೀಣೆಯ ಹೆಂಗಸೂ ನಡೆದೀತು. ಅದಕ್ಕೇ ಅಮೆರಿಕದ ಕ್ಯಾರೋಲ್ ಕೇ ಅವರ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕೆನಿಸುತ್ತದೆ. ಈ ಕೂಲಿಯನ್ನೇ ಒಂದು ಹೆಣ್ಣು ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಇಷ್ಟು ವಿವರವಾದ ದಾಖಲೆ ಬೇರೆ ಕಡೆ ಇಲ್ಲ.

ಅವರು ಹುಟ್ಟಿದ್ದು 1935ರಲ್ಲಿ, ವಾಷಿಂಗ್ಟನ್ ರಾಜ್ಯದ ಎವರೆಟ್‌ನಲ್ಲಿ. ತಂದೆತಾಯಿ ಇಬ್ಬರೂ ನುಡಿಸುವವರು, ಆದರೂ ಮನೆಯಲ್ಲಿ ಬಡತನ. ಹದಿಮೂರಕ್ಕೆ ಗಿಟಾರು ಕೈಗೆ ಬಂತು, ಹದಿನಾಲ್ಕಕ್ಕೆ ಇನ್ನೊಬ್ಬರಿಗೆ ಹೇಳಿಕೊಟ್ಟು ದುಡಿಯತೊಡಗಿದರು. ಲಾಸ್ ಏಂಜಲೀಸಿನ ಜಾಜ್ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದವರನ್ನು 1957ರಲ್ಲಿ ಧ್ವನಿಮುದ್ರಣಕ್ಕೆ ಕರೆದರು. ಜಾಜ್ ಅವರ ಪ್ರೀತಿ, ಸ್ಟುಡಿಯೋ ಅವರ ಸಂಬಳ. ಮಕ್ಕಳಿದ್ದವರು, ಸಂಬಳದ ಕಡೆ ಹೋದರು. 1963ರಲ್ಲಿ ಒಂದು ದಿನ ಕ್ಯಾಪಿಟಲ್ ಸ್ಟುಡಿಯೋಕ್ಕೆ ಬೇಸ್‌ನವನು ಬರಲಿಲ್ಲ, ಇವರ ಕೈಗೆ ಬೇಸ್ ಕೊಟ್ಟರು. ಮೂರು ಮಕ್ಕಳ ತಾಯಿಯೊಬ್ಬರು ಒಟ್ಟಾರೆ ನುಡಿಸಿದ ಮುದ್ರಣಗಳು 10,000 ಎಂದು ಅಂದಾಜು ಹೇಳುತ್ತಾರೆ. ಬೀಚ್ ಬಾಯ್ಸ್ ತಂಡದ 1966ರ 'ಪೆಟ್ ಸೌಂಡ್ಸ್' ಅದರಲ್ಲಿದೆ. ಅದೇ ವರ್ಷ ಟಿ.ವಿ.ಯಲ್ಲಿ ಶುರುವಾದ 'ಮಿಷನ್ ಇಂಪಾಸಿಬಲ್' ಧಾರಾವಾಹಿಯ ಸಂಗೀತವೂ ಇದೆ. ಈ ಎರಡನೆಯದು ನಿಮ್ಮ ಮಕ್ಕಳಿಗೆ ಬಾಯಿಪಾಠ, ಕೇಳಿ ನೋಡಿ. ಒಂದು ದಿನ ದುಃಖದ ಹಾಡು, ಮರುದಿನ ಜಾಹೀರಾತು, ಅದರ ಮರುದಿನ ಸಿನಿಮಾದ ಬೆನ್ನಟ್ಟುವ ದೃಶ್ಯ. ಎಲ್ಲದರಲ್ಲೂ ದನಿ ಸ್ಪಷ್ಟವಾಗಿ ಬರಲೆಂದು ತಂತಿಯ ಮೇಲೆ ಬಟ್ಟೆಯ ತುಂಡೊಂದನ್ನು ಒತ್ತಿಟ್ಟು, ಕಡ್ಡಿಯಿಂದ ಮೀಟುತ್ತಿದ್ದರು. ಅಡುಗೆಮನೆಯ ಉಪಾಯದಂತೆ ಕಾಣುತ್ತದೆ, ಆದರೆ ಆ ದನಿಗಾಗಿ ಸ್ಟುಡಿಯೋದವರು ಸಾಲು ನಿಂತರು.

1966ರ ಕೊನೆಗೆ ಸಾನಿ ಮತ್ತು ಶೆರ್ ಎಂಬ ಜೋಡಿಯ 'ದ ಬೀಟ್ ಗೋಸ್ ಆನ್' ಎಂಬ ಹಾಡು ಮುದ್ರಣಕ್ಕೆ ಬಂತು. ಹೆಚ್ಚುಕಡಿಮೆ ಒಂದೇ ನೆಲೆಯ ಮೇಲೆ ನಿಂತ ಸಪ್ಪೆ ಹಾಡು. ಕ್ಯಾರೋಲ್ ಅದರ ಕೆಳಗೆ ಒಂದೆರಡು ನಡೆಗಳನ್ನು ನುಡಿಸಿ ನೋಡಿದರು. ಅದರಲ್ಲೊಂದು ಎಲ್ಲರಿಗೂ ಹಿಡಿಸಿತು. ಇಂದು ಆ ಹಾಡಿನಲ್ಲಿ ಜನಕ್ಕೆ ಮೊದಲು ನೆನಪಾಗುವುದು ಆ ನಡೆಯೇ. ಹಾಡು ಬರೆದವನೆಂದು ಹೆಸರು ಸಾನಿಯದು, ಅದರ ಗೌರವಧನವೂ ಅವನ ಮನೆಗೆ. ಕ್ಯಾರೋಲ್‌ಗೆ ಆ ದಿನದ ಕೂಲಿ.

ಅನ್ಯಾಯವೆನ್ನೋಣವೆ? ಅನ್ಯಾಯವೇ. ಆದರೂ ಅವರ ಮಾತುಗಳನ್ನು ಓದಿದರೆ ಗೋಳು ಸಿಗುವುದಿಲ್ಲ, ಲೆಕ್ಕ ಸಿಗುತ್ತದೆ. ಯಾವ ದಿನ, ಯಾವ ಸ್ಟುಡಿಯೋ, ಎಷ್ಟು ಹೊತ್ತು. 1969ರಲ್ಲಿ ಬೇಸ್ ಕಲಿಯುವ ಪುಸ್ತಕ ಬರೆದು ತಾವೇ ಪ್ರಕಟಿಸಿದರು, ನೂರಾರು ಮಂದಿಗೆ ಹೇಳಿಕೊಟ್ಟರು. ಆ ಕಾಲದ ಸ್ಟುಡಿಯೋ ವಾದ್ಯಗಾರರಿಗೆ ಆಮೇಲೆ ಯಾರೋ ಇಟ್ಟ 'ರೆಕಿಂಗ್ ಕ್ರೂ' ಎಂಬ ಅಡ್ಡಹೆಸರು ಅವರಿಗೆ ಹಿಡಿಸಲೇ ಇಲ್ಲ. 2025ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕದ ರಾಕ್ ಸಂಗೀತದ ದೊಡ್ಡ ಗೌರವ ಮನೆಬಾಗಿಲಿಗೆ ಬಂದಾಗ ತಾವು ಬರುವುದಿಲ್ಲ ಎಂದರು. ಸ್ಟುಡಿಯೋ ಕೆಲಸ ಒಂದು ಗುಂಪಿನ ದುಡಿಮೆ, ಈ ಗೌರವ ಅದನ್ನು ಸರಿಯಾಗಿ ತೋರಿಸುವುದಿಲ್ಲ ಎಂಬುದು ಅವರ ಕಾರಣ. ಕೆಲವರಿಗೆ ಇದು ಹಟವೆನಿಸಿತು. ನನಗೆ ಬಹಳ ಹಿಡಿಸಿತು.

ಈಗ ಕಾಲ ಒಂದಿಷ್ಟು ತಿರುಗಿದೆ. 1996ರಲ್ಲಿ ಹುಟ್ಟಿದ ಮುಂಬೈಯ ಮೋಹಿನಿ ಡೇ ಹದಿಹರೆಯದಲ್ಲೇ ಎ. ಆರ್. ರೆಹಮಾನರ ಮೇಳದಲ್ಲಿ ಬೇಸ್ ಹಿಡಿದರು. ತಂದೆಯೂ ಬೇಸ್ ವಾದಕರು. 2023ರಲ್ಲಿ ತಮ್ಮ ಹೆಸರನ್ನೇ ಇಟ್ಟು ಆಲ್ಬಮ್ ತಂದರು. ಅವರ ವೇಗ ಕಂಡು ಬೆರಗಾಗದವರಿಲ್ಲ. ಒಂದೊಂದು ಸಲ ಖರ್ಜದ ತಂತಿ ತಾನೇ ತಾರಸ್ಥಾಯಿಗೆ ಹೊರಟಂತೆ ಕೇಳುತ್ತದೆ ಎಂಬುದು ನನ್ನದೊಂದು ಸಣ್ಣ ಗೊಣಗು. ಇತ್ತ ನಮ್ಮ ಕಡೆ ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ದುಡ್ಡು ಸಾಲದಿದ್ದರೆ ಮೊದಲು ಬಿಡುವುದು ಬೇಸ್ ಗಿಟಾರನ್ನೇ. ಆ ಕೆಲಸ ಕೀಬೋರ್ಡಿನವನ ಎಡಗೈಗೆ. ಯಾರೂ ಕೇಳುವುದಿಲ್ಲ ಬಿಡ್ರಿ ಎನ್ನುತ್ತಾರೆ. ಕೇಳುತ್ತಾರೆ. ಹಾಡು ಯಾಕೋ ಕಳೆಗಟ್ಟಲಿಲ್ಲ ಎನ್ನುತ್ತ ಎದ್ದು ಹೋಗುವವರು ಏನನ್ನು ಕೇಳಿದರು ಅಂದುಕೊಂಡಿರಿ?

ಹಿಂದೆ ಕೂತು ನುಡಿಸುವವರ ಮಾತು ಬಂದಾಗಲೆಲ್ಲ ನಮ್ಮಲ್ಲಿ, ಅದರಲ್ಲೂ ಹೆಣ್ಣಿನ ವಿಷಯದಲ್ಲಿ, ಒಂದು ಪದ ಓಡಿ ಬರುತ್ತದೆ: ತ್ಯಾಗ. ಗಂಗೂಬಾಯಿ ಹಾನಗಲ್ಲರ ಮಗಳು ಕೃಷ್ಣಾ ಹಾನಗಲ್ಲರ ಬಗ್ಗೆ ಬರೆದವರೆಲ್ಲ ಈ ಪದ ಬಳಸಿದ್ದಾರೆ. ತಾಯಿಯ ಹಿಂದೆ ಕೂತು ದನಿಗೂಡಿಸುತ್ತ ಅವರು ಆಯುಷ್ಯ ಕಳೆದರು, ನಿಜ. ಆದರೆ ತ್ಯಾಗವೆಂದು ಕೈ ಮುಗಿದುಬಿಟ್ಟರೆ ಅವರು ಹಾಡಿದ್ದನ್ನು ಕೇಳುವ ಕೆಲಸ ತಪ್ಪುತ್ತದೆ. ನನಗೆ ಆ ಪದದ ಮೇಲೆ ಇರುವ ಸಿಟ್ಟು ಇಷ್ಟೇ. ಮನೆಯಲ್ಲೂ ಹಾಗೇ. ತ್ಯಾಗಮಯಿ ಎಂದವರು ಅಡುಗೆಗೆ ಉಪ್ಪು ಸರಿಯಾಗಿತ್ತೇ ಎಂದು ಹೇಳುವುದಿಲ್ಲ, ಕೂಲಿಯ ಮಾತಂತೂ ಎತ್ತುವುದೇ ಇಲ್ಲ. ಕ್ಯಾರೋಲ್ ಕೇ ಅವರನ್ನು ಯಾರೂ ತ್ಯಾಗಮಯಿ ಎನ್ನಲಿಲ್ಲ. ಅವರು ಕಾಲ್‌ಶೀಟಿನ ಹಣ ಎಣಿಸಿಕೊಂಡು ಮನೆಗೆ ಹೋದರು, ಹಾಗಾಗಿ ಜನ ಅವರ ಬೆರಳಿನ ಬಗ್ಗೆ ಮಾತಾಡಬೇಕಾಯಿತು.

ಕೃಷ್ಣಾ ಅವರ ದನಿಯ ಬಗ್ಗೆಯೂ ಮಾತಾಡೋಣ. ಗಂಗೂಬಾಯಿಯವರ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಅವರ ದನಿ ಗಂಡು ದನಿಯಂತೆ ಗಡುಸಾಗಿ ಕೆಳಗಿಳಿದದ್ದು ಎಲ್ಲರಿಗೂ ಗೊತ್ತು. ಅಂದರೆ ಅಲ್ಲಿ ಖರ್ಜ ತಾಯಿಯದೇ. ಅದರ ಮೇಲೆ ತೆಳುವಾದ ಇನ್ನೊಂದು ದನಿ ಹೊದಿಸುವುದು ಮಗಳ ಕೆಲಸ. ಬಡಾ ಖ್ಯಾಲಿನ ವಿಳಂಬದಲ್ಲಿ ತಾಯಿ ಒಂದು ಸ್ವರದ ಮೇಲೆ ನಿಂತು ಉಸಿರು ಬಿಟ್ಟಾಗ ಆ ಸ್ವರ ಬೀಳದಂತೆ ಕೃಷ್ಣಾ ಹಿಡಿಯುತ್ತಾರೆ. ತಾಯಿ ಮತ್ತೆ ಬಂದ ಕೂಡಲೇ ಬಿಟ್ಟುಕೊಡುತ್ತಾರೆ. ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು ಎಂಬ ಈ ಅಂದಾಜು, ಬೇಸ್ ನುಡಿಸುವವರ ಅಂಗೈಯ ಅಂದಾಜೇ. ಮುಂದೆ ಕೂತು ಹಾಡುವವರಲ್ಲಿ ಎಷ್ಟೋ ಜನಕ್ಕೆ ಅದು ಬರುವುದಿಲ್ಲ. ಕೃಷ್ಣಾ 2004ರಲ್ಲಿ ತೀರಿಕೊಂಡರು. ಗಂಗೂಬಾಯಿ ತಮ್ಮ ಕೊನೆಯ ಕಛೇರಿಯನ್ನು 2006ರ ಮಾರ್ಚ್‌ನಲ್ಲಿ, ಮಗಳಿಲ್ಲದೆ ಮಾಡಿದರು.

ಕಲಬುರಗಿ ಆಕಾಶವಾಣಿ ಶುರುವಾದದ್ದು 1966ರಲ್ಲಿ. ಶಾಸ್ತ್ರೀಯ ಸಂಗೀತ ಮುಗಿದ ಮೇಲೆ ತಬಲಾ ಸಾಥ್ ಇಂಥವರು, ಹಾರ್ಮೋನಿಯಂ ಸಾಥ್ ಇಂಥವರು ಎಂದು ಹೆಸರು ಹಿಡಿದು ಹೇಳುವ ಆ ಪದ್ಧತಿ ನನಗೆ ಬಹಳ ಇಷ್ಟ. ಸಿನಿಮಾದವರು ಕ್ಯಾಸೆಟ್ಟಿನ ಮೇಲೆ ಮಾಡದ ಕೆಲಸವನ್ನು ರೇಡಿಯೋದವರು ಅರ್ಧ ನಿಮಿಷದಲ್ಲಿ ಮಾಡಿ ಮುಗಿಸುತ್ತಾರೆ. ತಂಬೂರಿ ಹಿಡಿದವರ ಹೆಸರು ಮಾತ್ರ ಅಲ್ಲಿಯೂ ಬಹಳ ಸಲ ಬರುವುದಿಲ್ಲ.