ಖುಲಾಸೆ ಯಾರಿಗೆ?

ಪೇಪರು ಓದುವ ಯಾರಿಗೇ ಆಗಲಿ 'ಖುಲಾಸೆ' ಎಂಬ ಮಾತು ಗೊತ್ತು. ಆರೋಪಿ ಖುಲಾಸೆಯಾದ ಎಂದರೆ ಕೋರ್ಟು ಅವನನ್ನು ಬಿಟ್ಟುಬಿಟ್ಟಿತು ಎಂದರ್ಥ. ಆದ್ದರಿಂದಲೇ 2007ರಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಯ ಹೊರಗೆ ಹೊಂಗೆಮರದಡಿ ಕೂತಿದ್ದ ನನ್ನ ಚಿಕ್ಕಮ್ಮ, ಕೈಗೆ ಬಂದ ಕಾಗದದ ಮೇಲೆ 'ಹಕ್ಕು ಖುಲಾಸೆ ಪತ್ರ' ಎಂದಿದ್ದುದನ್ನು ಓದಿ ನನ್ನ ಕಡೆ ತಿರುಗಿ ಕೇಳಿದರು: "ಖುಲಾಸೆ ಅಂದ್ರೆ ಜೈಲಿಂದ ಬಿಡೋದಲ್ವೇನೆ? ಇಲ್ಲಿ ಯಾರನ್ನ ಬಿಡ್ತಾ ಇದಾರೆ?"

ನಾನು ನಕ್ಕೆ. ಓದಿದವಳು ನಾನು, ಆದರೆ ನನಗೂ ಉತ್ತರ ಗೊತ್ತಿರಲಿಲ್ಲ.

ಚಿಕ್ಕಮ್ಮನ ತವರು ಶ್ರೀನಿವಾಸಪುರದ ಕಡೆಯ ಹಳ್ಳಿ. ತಾತನ ಕಾಲದಿಂದ ಬಂದ ಮಾವಿನ ತೋಪು. ಅವರ ಅಪ್ಪ ತೀರಿಕೊಂಡದ್ದು 2006ರಲ್ಲಿ. ಅಣ್ಣಂದಿರು ಒಂದು ರುಜು ಹಾಕಿಕೊಡಮ್ಮ ಎಂದು ಕರೆದಿದ್ದರು. ಪತ್ರ ಬರೆಯುವವರು ಓದತೊಡಗಿದರು. 'ಬರೆಸಿಕೊಟ್ಟ ಪತ್ರದ ಕ್ರಮವೇನೆಂದರೆ' ಎಂದು ಶುರುವಾಗಿ, ಸದರಿ, ವಗೈರೆ, ಷೆಡ್ಯೂಲು ಸ್ವತ್ತು ಎಲ್ಲವನ್ನೂ ದಾಟಿ 'ಸಹದಾಯಾದಿ ಹಕ್ಕು' ಎಂಬಲ್ಲಿಗೆ ಬಂತು. ಚಿಕ್ಕಮ್ಮನ ಮುಖ ಸಣ್ಣದಾಯಿತು. "ಅಯ್ಯೋ, ನಾನ್ಯಾಕೆ ದಾಯಾದಿ ಆಗ್ಲಿ? ಒಡಹುಟ್ಟಿದೋಳಲ್ವಾ?" ಎಂದು ಬೇಗಬೇಗ ರುಜು ಮಾಡಿಬಿಟ್ಟರು.

ಆ ಒಂದು ಪದದ ಮೇಲೆ ನನಗೆ ಸಿಟ್ಟಿದೆ. ಕನ್ನಡದಲ್ಲಿ ದಾಯಾದಿ ಎಂದ ಕೂಡಲೇ ನೆನಪಾಗುವುದು ಮತ್ಸರ, ಕೌರವರು, ಕೋರ್ಟು ಕಚೇರಿ. ಪಾಲಿನ ಹಕ್ಕಿರುವವನು ಎಂಬ ಮೂಲಾರ್ಥ ಬಳಕೆಯಲ್ಲಿ ಸವೆದುಹೋಗಿದೆ. ಇಂಥ ಮಾತಿನಲ್ಲಿ ಹೆಣ್ಣಿಗೆ ಹಕ್ಕು ಕೊಟ್ಟರೆ, ತೆಗೆದುಕೊಳ್ಳುವ ಮೊದಲೇ ಅವಳು ನಾಚಿಕೊಳ್ಳುತ್ತಾಳೆ.

ಇದು ಇಂಗ್ಲಿಷಿನ 'ಕೊಪಾರ್ಸನರ್' ಎಂಬುದಕ್ಕೆ ಹಾಕಿದ ಕನ್ನಡದ ಅಂಗಿ. ಆ ಇಂಗ್ಲಿಷ್ ಮಾತಿನ ಕಥೆ ಕೇಳಿದರೆ ನೀವು ಬೆರಗಾಗುತ್ತೀರಿ. ಇಂಗ್ಲೆಂಡಿನ ಹಳೆಯ ಕಾನೂನಿನಲ್ಲಿ ಗಂಡುಮಕ್ಕಳಿದ್ದರೆ ಜಮೀನು ಹಿರಿಯ ಮಗನಿಗೆ. ಗಂಡುಮಕ್ಕಳೇ ಇಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲ ಒಟ್ಟಾಗಿ ವಾರಸುದಾರರು. ಆ ಅಕ್ಕತಂಗಿಯರಿಗೇ ಮುಖ್ಯವಾಗಿ ಕೊಪಾರ್ಸನರ್ ಎಂದು ಹೆಸರು! ನಮ್ಮ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ದಾಯಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದರು. ಮುಂದೆ ಬ್ರಿಟಿಷರ ಕೋರ್ಟುಗಳು ಅಪ್ಪ, ಮಗ, ಮೊಮ್ಮಗ, ಮರಿಮಗ ಎಂಬ ಗಂಡಸರ ಕೂಟಕ್ಕೆ ಅದೇ ಹೆಸರಿಟ್ಟವು. ಅಲ್ಲಿ ಹೆಣ್ಣುಮಕ್ಕಳದಾಗಿದ್ದ ಮಾತು ಇಲ್ಲಿಗೆ ಬಂದು ಹೆಣ್ಣುಮಕ್ಕಳನ್ನೇ ಹೊರಗಿಟ್ಟಿತು.

ಮಾತು ಹೀಗೆ ಊರು ಬದಲಾಯಿಸಿದಾಗ ತನ್ನ ಚರಿತ್ರೆಯನ್ನು ಗಂಟುಕಟ್ಟಿಕೊಂಡೇ ಬರುತ್ತದೆ. ಕೋಲಾರದಲ್ಲಿ ನಾವು ಡೀಸಿ ಸಾಹೇಬರು ಎನ್ನುತ್ತೇವೆ. ಮುಳಬಾಗಿಲು ಬಿಟ್ಟು ನಂಗಲಿ ದಾಟಿ ಪಲಮನೇರಿನ ಕಡೆ ಹೋದರೆ, ಅಥವಾ ಮಾಲೂರಿನಿಂದ ಹೊಸೂರಿಗೆ ಹೋದರೆ, ಅದೇ ಅಧಿಕಾರಿ ಕಲೆಕ್ಟರ್. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳು ಆಳಿದರು. ಅವರ ಕೈಕೆಳಗಿನವರು ಡೆಪ್ಯುಟಿ ಕಮಿಷನರ್. ಆಚೆ ಮದ್ರಾಸಿನಲ್ಲಿ ಕಂದಾಯ ವಸೂಲಿಯವರು ಕಲೆಕ್ಟರ್. ಆ ಕಮಿಷನರುಗಳಲ್ಲೊಬ್ಬರ ಹೆಸರಿನ ಬೌರಿಂಗ್‌ಪೇಟೆ ಮಾತ್ರ ಬಂಗಾರಪೇಟೆಯಾಗಿ ನಮ್ಮದಾಯಿತು. ಪರದೇಶದ ಮಾತು ನಮ್ಮದಾಗಬಾರದೆಂದೇನಿಲ್ಲ. ನಮ್ಮ ಬಾಯಿಗೆ ಹೊಂದಬೇಕು, ಅಷ್ಟೆ.

ಹೊಂದಿಸುವವರು ನಮ್ಮ ಜಿಲ್ಲೆಯಲ್ಲೇ ಇದ್ದರು. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ಮೆಟ್ರಿಕ್ ದಾಟಲಿಲ್ಲ. ಆದರೂ 'ರಾಜ್ಯಶಾಸ್ತ್ರ', 'ರಾಜ್ಯಾಂಗ ತತ್ತ್ವಗಳು' ಬರೆದು ಪಾರ್ಲಿಮೆಂಟಿನ ಕಡೆಯ ಎಷ್ಟೋ ವಿಚಾರಗಳನ್ನು ಕನ್ನಡದಲ್ಲಿ ಕೂರಿಸಿದರು. ಅವರ ಸಂಸ್ಕೃತ ಪದಗಳು ಭಾರವೆಂದು ನನಗೂ ಅನ್ನಿಸುತ್ತದೆ. ಆದರೆ ಪದವೊಂದನ್ನು ಒಗೆದು ಮುಂದೆ ಹೋಗುವವರಲ್ಲ ಅವರು. ಪಕ್ಕದಲ್ಲಿ ಕೂತು ಬಿಡಿಸಿ ಹೇಳುತ್ತಾರೆ. ಮಾಲೂರು ತಾಲ್ಲೂಕಿನ ಮಾಸ್ತಿಯವರಂತೂ ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಗಳಾಗಿದ್ದವರು. ಅವರ ಕಥೆಗಳಲ್ಲಿ ಕಚೇರಿಯ ಧೂಳಿಲ್ಲ, ಜಗಲಿಯ ಮಾತಿದೆ. ಒಬ್ಬರು ವಿವರಿಸಬಹುದೆಂದು ತೋರಿಸಿದರು, ಇನ್ನೊಬ್ಬರು ಸರಳವಾಗಿ ಹೇಳಬಹುದೆಂದು ತೋರಿಸಿದರು. ಆದರೆ ಮನೆಯ ಪಾಲುಪಟ್ಟಿಯ ಮಾತುಗಳಿಗೆ ಈ ಭಾಗ್ಯ ಬರಲಿಲ್ಲ.

ಕಾನೂನೇನೋ ನಡೆದು ಬಂದಿದೆ. 1933ರಲ್ಲೇ ಮೈಸೂರು ಸಂಸ್ಥಾನ ಸ್ತ್ರೀಯರ ಹಕ್ಕುಗಳ ಕಾಯಿದೆ ಮಾಡಿ, ವಿಭಾಗವಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಮುಂತಾದವರಿಗೆ ಪಾಲಿಟ್ಟಿತು. 1956ರ ಉತ್ತರಾಧಿಕಾರ ಕಾಯಿದೆ ಹೆಣ್ಣಿನ ಕೈಯಲ್ಲಿದ್ದ ಆಸ್ತಿಗೆ ಅವಳನ್ನೇ ಪೂರ್ಣ ಒಡತಿಯಾಗಿ ಮಾಡಿತು. 1994ರಲ್ಲಿ ಕರ್ನಾಟಕ ಮಗಳನ್ನು ಮಗನ ಸಮಕ್ಕೆ ತಂದಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತು. ಆ ತಡೆ ಹೋದದ್ದು 2005ರ ಕೇಂದ್ರ ತಿದ್ದುಪಡಿಯಿಂದ. ಇದು ಹುಟ್ಟಿನಿಂದಲೇ ಬರುವ ಹಕ್ಕು, 2005ರಲ್ಲಿ ಅಪ್ಪ ಬದುಕಿರಬೇಕೆಂದೇನಿಲ್ಲ ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಎಂದರೆ, ಅಂದು ಹೊಂಗೆಮರದಡಿ ಕೂತಿದ್ದ ಚಿಕ್ಕಮ್ಮ ತಮ್ಮ ಅಣ್ಣಂದಿರ ಸಮಕ್ಕೆ ಆ ತೋಪಿನ ಒಡತಿ. ಅದಕ್ಕೇ ಅವರ ರುಜು ಬೇಕಾಗಿತ್ತು. ತವರಿನ ಬಾಗಿಲು ತೆರೆದಿರಲಿ ಎಂದು ಪಾಲು ಬಿಡುವ ಹೆಣ್ಣುಮಕ್ಕಳು ಎಷ್ಟೋ ಜನ. ಅದು ಅವರವರ ಮನಸ್ಸು, ತಪ್ಪೆನ್ನಲಾರೆ. ಆದರೆ ಇದೆಯೆಂದೇ ಗೊತ್ತಿಲ್ಲದ್ದನ್ನು ಬಿಟ್ಟುಕೊಟ್ಟರೆ ಅದನ್ನು ದಾನವೆನ್ನುವುದು ಹೇಗೆ? 'ಈ ತೋಪಿನಲ್ಲಿ ನನಗೂ ಅಣ್ಣಂದಿರಷ್ಟೇ ಪಾಲಿದೆ, ಅದನ್ನು ಬಿಟ್ಟುಕೊಡುತ್ತಿದ್ದೇನೆ' ಎಂದು ಪತ್ರದಲ್ಲಿ ಬರೆದಿದ್ದರೆ ಸಾಕಾಗಿತ್ತು. ಓದಿ ಹೇಳಲು ನನ್ನಂಥವಳು ಬೇಕಾಗಿಯೇ ಇರಲಿಲ್ಲ.

ಈಗಲೂ ಪ್ರತಿ ಬೇಸಿಗೆಗೆ ತವರಿನಿಂದ ಒಂದು ಬುಟ್ಟಿ ಬಾದಾಮಿ ಹಣ್ಣು ಬರುತ್ತದೆ. ಚಿಕ್ಕಮ್ಮ ಕೇರಿಗೆಲ್ಲ ಹಂಚುತ್ತಾರೆ. "ನಮ್ಮಪ್ಪನ ತೋಪಿಂದು, ತಿನ್ನೆ" ಎಂದು ನನ್ನ ಕೈಗೂ ಎರಡು ಇಡುತ್ತಾರೆ. ಖುಲಾಸೆ ಎಂದರೇನೆಂದು ಅವರಿಗೆ ನಾನಿನ್ನೂ ಹೇಳಿಲ್ಲ.