ಗೋಡೆ ಒಡೆಯದ ಕನ್ನ

ಸೂಕ್ಷ್ಮದರ್ಶಕದ ಹುಚ್ಚು ಹತ್ತಿದವರು ಶುರು ಮಾಡುವುದು ಕೆರೆ ನೀರಿನಿಂದ. ಬೆಂಗಳೂರಿನ ವಿದ್ಯಾರಣ್ಯಪುರದವರಿಗೆ ನರಸೀಪುರ ಕೆರೆ, ದೊಡ್ಡಬೊಮ್ಮಸಂದ್ರ ಕೆರೆ ಎರಡೂ ಹತ್ತಿರ. ಒಂದು ಹನಿಯಲ್ಲಿ ವಾರಕ್ಕಾಗುವಷ್ಟು ನೋಟ. ಆದರೆ ಈ ಹವ್ಯಾಸದ ನಿಜವಾದ ರುಚಿ ಸಿಗಬೇಕಾದರೆ ಮಲೇರಿಯಾ ರಕ್ತದ ಸ್ಲೈಡ್ ನೋಡಬೇಕು. ಕಾಲೇಜು ಲ್ಯಾಬುಗಳಿಗೆ ಸಾಮಾನು ಒದಗಿಸುವವರಲ್ಲಿ ಬಣ್ಣ ಹಾಕಿದ ಸಿದ್ಧ ಸ್ಲೈಡ್ ಸಿಗುತ್ತದೆ.

ಒಂದು ತೊಟ್ಟು ಎಣ್ಣೆ ಬಿಟ್ಟು 100 ಪಟ್ಟಿನ ಮಸೂರ ಇಳಿಸಿ. ತೆಳು ಗುಲಾಬಿ ರಕ್ತಕಣದೊಳಗೆ ನೀಲಿ ಉಂಗುರ, ಅದಕ್ಕೊಂದು ಕೆಂಪು ಹರಳು: ಅದೇ ಮಲೇರಿಯಾ ಪರಾವಲಂಬಿ. ಹೆಚ್ಚಿನವರು ಇಷ್ಟಕ್ಕೇ ತೃಪ್ತರು. ನೀವು ಉಂಗುರ ಬಿಟ್ಟು ಕಣವನ್ನು ನೋಡಿ. ವೈವಾಕ್ಸ್ ಎಂಬ ಜಾತಿಯ ಪರಾವಲಂಬಿ ಹೊಕ್ಕ ಕಣ ಅಕ್ಕಪಕ್ಕದವಕ್ಕಿಂತ ದೊಡ್ಡದು, ಮೈತುಂಬ ನವಿರು ಚುಕ್ಕೆ. ಫಾಲ್ಸಿಪ್ಯಾರಂ ಎಂಬ ಇನ್ನೊಂದು ಜಾತಿ ಹೊಕ್ಕ ಕಣ ಮಿಕ್ಕವುಗಳಷ್ಟೇ ಗಾತ್ರದ್ದು. ಕೆಲವೊಮ್ಮೆ ಒಂದರಲ್ಲೇ ಎರಡು ಮೂರು ಉಂಗುರ.

ಗಾತ್ರದ ಈ ವ್ಯತ್ಯಾಸಕ್ಕೆ ಪರಾವಲಂಬಿಯ ಆಯ್ಕೆಯೂ ಒಂದು ಕಾರಣ. ಮೂಳೆಮಜ್ಜೆಯಿಂದ ಆಗತಾನೆ ಹೊರಬಂದ ಎಳೆಯ ಕಣಗಳೇ ವೈವಾಕ್ಸ್‌ಗೆ ಬೇಕು. ಅವು ನೂರಕ್ಕೆ ಒಂದೆರಡು. ಜೊತೆಗೆ ಕಣದ ಮೇಲೆ ‘ಡಫಿ’ ಪ್ರೋಟೀನೂ ಇರಬೇಕು. ಪಶ್ಚಿಮ ಆಫ್ರಿಕಾದ ಬಹುತೇಕರಲ್ಲಿ ಅದಿಲ್ಲ, ಹಾಗಾಗಿ ಅಲ್ಲಿ ವೈವಾಕ್ಸ್ ಅಪರೂಪ. ನಮ್ಮಲ್ಲಿ ಇದೆ, ಮಂಗಳೂರಿನ ಮಲೇರಿಯಾದಲ್ಲಿ ವೈವಾಕ್ಸ್‌ನದೇ ಮೇಲುಗೈ. ಫಾಲ್ಸಿಪ್ಯಾರಂಗೆ ಎಳೆಯದು, ಬಲಿತದ್ದು ಎಂಬ ಹಟವಿಲ್ಲ. ಅದು ಹೆಚ್ಚು ಮಾರಕವಾಗಿರುವುದಕ್ಕೆ ಇದೂ ಒಂದು ಕಾರಣ.

ಪರಾವಲಂಬಿ ಕಣದ ಒಳಹೋಗುವ ಪರಿಯಂತೂ ಪಳಗಿದ ಕಳ್ಳನದು. ಅದರ ಮೀರೋಜೊಯಿಟ್ ಎಂಬ ಮರಿ 1–2 ಮೈಕ್ರಾನ್, ರಕ್ತಕಣ 7–8. ಮೊದಲು ಹೇಗೆಂದರೆ ಹಾಗೆ ಅಂಟಿಕೊಳ್ಳುತ್ತದೆ. ಆಮೇಲೆ ಹೊರಳಿ ತನ್ನ ಚೂಪು ತುದಿಯನ್ನು ಕಣದ ಪೊರೆಗೆ ಒತ್ತುತ್ತದೆ. ಹಿಡಿಕೆಯನ್ನೂ ತಾನೇ ತಂದಿರುತ್ತದೆ: ತುದಿಯ ಚೀಲದಿಂದ ‘ರಾನ್‌2’ ಪ್ರೋಟೀನನ್ನು ಕಣದ ಪೊರೆಯಲ್ಲಿ ನೆಟ್ಟು, ತನ್ನ ಮೈಮೇಲಿನ ‘ಎಎಂಎ1’ ಪ್ರೋಟೀನಿನಿಂದ ಅದನ್ನು ಹಿಡಿದು, ಒಳಕ್ಕೆ ಜಗ್ಗಿಕೊಳ್ಳುತ್ತದೆ. ಪೊರೆ ಹರಿಯುವುದಿಲ್ಲ, ಮರಿಯ ಸುತ್ತ ಮಡಿಚಿಕೊಂಡು ಚೀಲವಾಗುತ್ತದೆ. ನುಸುಳುವ ಕೆಲಸ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಅನಂತರ ಕಣ ಮುಳ್ಳುಮುಳ್ಳಾಗಿ ಸುಕ್ಕುಗಟ್ಟಿ, ಕೆಲವು ನಿಮಿಷಗಳಲ್ಲಿ ಮೊದಲಿನಂತಾಗುತ್ತದೆ. 1975ರಲ್ಲಿ ಅಮೆರಿಕದ ವಿಜ್ಞಾನಿಗಳು ಕೋತಿಗಳ ಮಲೇರಿಯಾ ಜೀವಿ ನೋಲೆಸಿ ಹೀಗೆ ಕಣ ಹೊಗುವುದನ್ನು ಚಿತ್ರೀಕರಿಸಿ ತೋರಿಸಿದರು.

ಒಳಹೊಕ್ಕ ಮೇಲಿನ ಪರಾವಲಂಬಿಯ ಬಾಳ್ವೆಯನ್ನು ನಮ್ಮ ಪಕ್ಕದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ನಮಿತಾ ಸುರೋಲಿಯಾ, ಹೇಮಲತಾ ಬಲರಾಂ ಅಂಥವರು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ.

ಸ್ಲೈಡ್ ತೋರಿಸುವುದು ಕನ್ನ ಬಿದ್ದ ಮೇಲಿನ ಚಿತ್ರ. ಆದರೂ ಕಳ್ಳ ಯಾರೆಂದು ಕಣದ ಗಾತ್ರ, ಚುಕ್ಕೆಗಳೇ ಹೇಳುತ್ತವೆ. ಅದನ್ನು ಓದಲು ಕಲಿಯಿರಿ. ಆದರೆ ಮನೆಯಲ್ಲಿ ಬೆರಳು ಚುಚ್ಚಿ ನೋಡುವ ಸಾಹಸ ಬೇಡ. ಚಳಿಜ್ವರ ಬಂದಾಗ ನಿಮ್ಮ ಸ್ಲೈಡ್ ನೋಡಬೇಕಾದವರು ಲ್ಯಾಬಿನವರು, ನೀವಲ್ಲ.